ಎಲೆಕ್ಷನ್ ಎಲ್ಲಾ ಕಡೆ ನಡೀತಾನೇ ಇದೆ, ಆದ್ರೂ ಪ್ರಜಾಪ್ರಭುತ್ವ ಕಮ್ಮಿ ಆಗ್ತಿದೆ ಅಂತಾರಲ್ಲ, ಎಂತದು ಇದು?

ಕೋಡಿಬಾಗ_ಗಾಳಿ (ಕಾರವಾರ)

ನಮಸ್ಕಾರ ಎಲ್ಲರಿಗೂ. ಮಗಳಿಗೆ ಪಿಯು ಕಾಲೇಜಲ್ಲಿ ಚರ್ಚಾಸ್ಪರ್ಧೆ ಇದೆ, ವಿಷ್ಯ "ಜಗತ್ತಿನಲ್ಲಿ ಪ್ರಜಾಪ್ರಭುತ್ವ ಸೋಲುತ್ತಿದೆಯೇ" ಅಂತ. ಅವಳಿಗೆ ಸೋಲ್ತಿದೆ ಅನ್ನೋ ಕಡೆ ಬಂದಿದೆ. ಅಪ್ಪಾ ಪಾಯಿಂಟ್ ಕೊಡು ಅಂದ್ಲು, ನಾನು ರಾತ್ರಿ ಊಟ ಆದ್ಮೇಲೆ ಮೊಬೈಲ್ ಹಿಡ್ಕೊಂಡು ಹುಡುಕೋಕೆ ಕೂತೆ, ಈಗ ಅವಳಿಗಿಂತ ನನಗೇ ಜಾಸ್ತಿ ಕನ್‌ಫ್ಯೂಸ್ ಆಗಿದೆ.

ಸ್ವೀಡನ್‌ನ ಗೋಥೆನ್‌ಬರ್ಗ್ ಯೂನಿವರ್ಸಿಟಿಯಲ್ಲಿ ವಿ-ಡೆಮ್ ಅಂತ ಒಂದು ಸಂಸ್ಥೆ ಇದ್ಯಂತೆ, ಅವರ 2025ರ ರಿಪೋರ್ಟ್ ಪ್ರಕಾರ 2024ರ ಕೊನೆಗೆ ಜಗತ್ತಲ್ಲಿ 88 ಪ್ರಜಾಪ್ರಭುತ್ವ ದೇಶ, 91 ಸರ್ವಾಧಿಕಾರದ ದೇಶ, ಇಪ್ಪತ್ತು ವರ್ಷದಲ್ಲಿ ಮೊದ್ಲನೇ ಸಲ ಎರಡನೇ ಪಟ್ಟಿ ಉದ್ದ ಆಗಿದ್ದಂತೆ. ಜಗತ್ತಿನ 72% ಜನ ಆಗ ಆ ಎರಡನೇ ಪಟ್ಟಿಯ ದೇಶಗಳಲ್ಲೇ ಬದುಕ್ತಿದ್ದಿದ್ದು. ಅಮೆರಿಕದ ಫ್ರೀಡಂ ಹೌಸ್ ಅನ್ನೋ ಸಂಸ್ಥೆಯವ್ರೂ 2025ರ ರಿಪೋರ್ಟಲ್ಲಿ 19 ವರ್ಷದಿಂದ ಸ್ವಾತಂತ್ರ್ಯ ಸತತ ಇಳೀತಾ ಇದೆ ಅಂದಿದ್ರು.

ಆದ್ರೆ ಅದೇ 2024ರಲ್ಲಿ 60ಕ್ಕೂ ಹೆಚ್ಚು ದೇಶದಲ್ಲಿ ಎಲೆಕ್ಷನ್ ಆಯ್ತು ಅಂತ ಪೇಪರಲ್ಲಿ ಓದಿದ್ವಲ್ಲ. ನಮ್ಮಲ್ಲೇ 64 ಕೋಟಿ ಜನ ವೋಟ್ ಹಾಕಿದ್ರು. ರಷ್ಯಾದಲ್ಲೂ ಆಯ್ತು, ಪುಟಿನ್‌ಗೆ 87% ಬಂತು. ಹಾಗಾದ್ರೆ ವೋಟು ಹಾಕೋದು ಜಾಸ್ತಿ ಆಗಿದೆ, ಪ್ರಜಾಪ್ರಭುತ್ವ ಕಮ್ಮಿ ಆಗಿದೆ, ಎರಡೂ ಒಟ್ಟಿಗೆ ಹೇಗೆ? ಎದುರಿನ ಹುಡುಗ್ರು ಇದೇ ಪ್ರಶ್ನೆ ಕೇಳ್ತಾರೆ ನೋಡಿ, ಅದ್ಕೇ ಗಟ್ಟಿ ಉತ್ತರ ಬೇಕು. ಪಾರ್ಟಿ ಜಗಳ ದಯವಿಟ್ಟು ಬೇಡ ಮಾರಾಯ್ರೇ, ಹೋದ್ಸಲ ಇಲ್ಲಿ ಪೋರ್ಟ್ ವಿಷ್ಯ ಕೇಳಿ ಸಾಕಾಗಿದೆ.


ಕರಿಕೋಟು_ಶಿರಸಿ

ನಾನು ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋನು, ರಾಜ್ಯಶಾಸ್ತ್ರದವ್ನಲ್ಲ. ಆದ್ರೂ ಹೇಳ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಹಂಗೇರಿ. ಮಗಳಿಗೆ ಬೇರೆ ಏನೂ ಓದ್ಸಬೇಡಿ, ಅದೊಂದು ದೇಶ ಸರಿ ತಿಳ್ಕೊಳ್ಳೋಕೆ ಹೇಳಿ.

ಟ್ಯಾಂಕ್ ತಂದು ರೇಡಿಯೋ ಸ್ಟೇಷನ್ ಹಿಡಿಯೋದೆಲ್ಲ ಈಗ್ಲೂ ಇದೆ, 2021ರ ಫೆಬ್ರವರಿ 1ಕ್ಕೆ ಮ್ಯಾನ್ಮಾರಲ್ಲಿ ಆಯ್ತು, 2023ರಲ್ಲಿ ನೈಜರಲ್ಲಿ ಆಯ್ತು, ಆದ್ರೆ ಈಗಿನ ಮಾಮೂಲಿ ದಾರಿ ಅದಲ್ಲ. ಹಂಗೇರಿಯಲ್ಲಿ ಓರ್ಬಾನ್ ಅನ್ನೋ ನಾಯಕ 2010ರಲ್ಲಿ ಸರಿಯಾಗೇ ಗೆದ್ದ, ಮೋಸ ಏನಿಲ್ಲ, ಸುಮಾರು 53% ಓಟಿಗೆ ಪಾರ್ಲಿಮೆಂಟಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಸೀಟು ಸಿಕ್ತು. ಅಷ್ಟು ಸೀಟಿದ್ರೆ ಅಲ್ಲಿ ಸಂವಿಧಾನವನ್ನೇ ಬದಲಾಯಿಸ್ಬಹುದು, ಬದಲಾಯಿಸಿದ. 2011ರಲ್ಲಿ ಹೊಸ ಸಂವಿಧಾನ ಪಾಸಾಯ್ತು. ಜಡ್ಜ್‌ಗಳ ನಿವೃತ್ತಿ ವಯಸ್ಸನ್ನ 70ರಿಂದ 62ಕ್ಕೆ ಇಳಿಸಿ ಹಿರಿಯರನ್ನ ಒಂದೇ ಏಟಿಗೆ ಮನೆಗೆ ಕಳ್ಸೋ ವ್ಯವಸ್ಥೆ ಮಾಡಿದ, ಯುರೋಪಿನ ಕೋರ್ಟು 2012ರಲ್ಲಿ ಇದು ತಪ್ಪು ಅಂತು, ಅಷ್ಟೊತ್ತಿಗೆ ಮುಖ್ಯ ಕುರ್ಚಿಗಳಲ್ಲಿ ಬೇರೆಯವ್ರು ಕೂತಾಗಿತ್ತು. ಪಾರ್ಲಿಮೆಂಟ್ ಸೀಟು 386 ಇದ್ದಿದ್ದನ್ನ 199 ಮಾಡಿ ಕ್ಷೇತ್ರದ ಗಡಿ ಎಲ್ಲ ಹೊಸ್ದಾಗಿ ಎಳೆದ. ಪರಿಣಾಮ ಎಂತ ಆಯ್ತು ಅಂದ್ರೆ 2014ರಲ್ಲಿ ಅವನ ಓಟು 45%ಕ್ಕೆ ಇಳೀತು, ಸೀಟು ಮಾತ್ರ ಮತ್ತೆ ಮೂರನೇ ಎರಡು ಭಾಗ! 2018ರಲ್ಲಿ ಅವನ ಕಡೆಯ ಮಾಲಕರು ತಮ್ಮ ಪೇಪರು, ರೇಡಿಯೋ, ವೆಬ್‌ಸೈಟು ಎಲ್ಲಾ ಸೇರಿ 400ಕ್ಕೂ ಹೆಚ್ಚು ಮಾಧ್ಯಮಗಳನ್ನ ಒಂದೇ ಫೌಂಡೇಶನ್ನಿಗೆ ಫ್ರೀಯಾಗಿ ದಾನ ಮಾಡಿದ್ರು, ಸ್ಪರ್ಧಾ ಕಾನೂನಿನ ತನಿಖೆ ಆಗದ ಹಾಗೆ ಸರ್ಕಾರವೇ ಆದೇಶ ಹೊರಡಿಸ್ತು.

ಇದ್ರಲ್ಲಿ ಒಂದಾದ್ರೂ ಅವರ ದೇಶದ ಕಾನೂನು ಮುರಿದು ಮಾಡಿದ್ದಾ? ಇಲ್ಲ. ಎಲ್ಲಾ ಗೆಜೆಟಲ್ಲಿ ಬಂದಿದ್ದು. ಓಟಿನ ದಿನ ಯಾರೂ ಬೂತ್ ಲೂಟಿ ಮಾಡ್ಲಿಲ್ಲ. ಊರಿನ ವಾಲಿಬಾಲ್ ಟೂರ್ನಮೆಂಟಲ್ಲಿ ಅಂಪೈರ್ ಒಂದು ಟೀಮಿನವ್ರ ಭಾವ, ಸ್ಕೋರ್ ಬರೆಯೋನು ಅವ್ರ ತಮ್ಮ, ಮೈಕ್ ಅವ್ರ ಅಂಗಡೀದು, ನೆಟ್ ಮಾತ್ರ ಸರಿಯಾದ ಎತ್ತರದಲ್ಲೇ ಇದೆ ನೋಡಿ ಅಂದ ಹಾಗೆ. ಎಲೆಕ್ಷನ್ ನಡೀತಾ ಅನ್ನೋದು ಪ್ರಶ್ನೆ ಅಲ್ಲ. ಕುರ್ಚಿ ಮೇಲೆ ಕೂತೋನು ಸೋಲೋ ಸಾಧ್ಯತೆ ನಿಜವಾಗ್ಲೂ ಇದ್ಯಾ, ಸೋತ್ರೆ ಎದ್ದು ಹೋಗ್ತಾನಾ, ಅಷ್ಟೇ ಪ್ರಶ್ನೆ. 2022ರಲ್ಲಿ ಯುರೋಪಿಯನ್ ಪಾರ್ಲಿಮೆಂಟು ಹಂಗೇರಿಗೆ "ಚುನಾವಣಾ ಸರ್ವಾಧಿಕಾರ" ಅಂತ್ಲೇ ಹೆಸರಿಟ್ಟು ನಿರ್ಣಯ ಪಾಸ್ ಮಾಡ್ತು.

ಪುಟಿನ್‌ದು ಬಿಡಿ, ಅದು ಬರೀ ಎಲೆಕ್ಷನ್ ವೇಷ. ಮುಖ್ಯ ಎದುರಾಳಿ ನವಾಲ್ನಿ ಓಟಿಗೆ ಒಂದು ತಿಂಗ್ಳ ಮೊದ್ಲು ಜೈಲಲ್ಲಿ ಸತ್ತ.


ಕುವೈತ್_ಭಟ್ಕಳಿ

ವಕೀಲರು ಚೆನ್ನಾಗಿ ಬರ್ದಿದ್ದೀರಿ ಆದ್ರೆ ಒಂದು ಮಾತು ಕೇಳ್ತೇನೆ ಸಿಟ್ಟಾಗ್ಬೇಡಿ. ನಾನು ಹದಿನೆಂಟು ವರ್ಷದಿಂದ ಗಲ್ಫಲ್ಲಿ ಇದ್ದೇನೆ, ಇಲ್ಲಿ ಕರೆಂಟ್ ಹೋಗಲ್ಲ, ರಸ್ತೆ ಒಂದ್ಸಲ ಮಾಡಿದ್ರೆ ಮುಗೀತು, ನಮ್ಮೂರಲ್ಲಿ ಹೈವೇ ಅಗಲ ಮಾಡೋಕೆ ಶುರು ಮಾಡಿದಾಗ ನನ್ನ ಮಗ ಹುಟ್ಟಿರ್ಲಿಲ್ಲ ಈಗ ಅಂವ ಬೈಕ್ ಓಡಿಸ್ತಾನೆ, ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಅಂತ ಮನೆಯಿಂದ ಫೋನ್ ಬರೋದು ಇನ್ನೂ ನಿಂತಿಲ್ಲ. ಜನಕ್ಕೆ ಬೇಕಾಗಿರೋದು ಕೆಲಸ, ಆಸ್ಪತ್ರೆ, ರಾತ್ರಿ ಹೆಣ್ಮಕ್ಕಳು ಹೆದ್ರದೆ ಓಡಾಡೋದು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ನೋಡಿ, ಅಲ್ಲಿನ ಅಧ್ಯಕ್ಷ ಬುಕೆಲೆ ಗ್ಯಾಂಗ್‌ನವ್ರನ್ನೆಲ್ಲ ಒಳಗೆ ಹಾಕಿದ, ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಕೊಲೆ ಆಗೋ ದೇಶ ಈಗ ಶಾಂತವಾಗಿದೆ. 2024ರಲ್ಲಿ ಅವನಿಗೆ 84% ಓಟು ಬಂತು, ಇದು ಮೋಸದ್ದಲ್ಲ, ಜನ ನಿಜವಾಗ್ಲೂ ಹಾಕಿದ್ದು. ಅದನ್ನ ಯಾವ ಬಾಯಲ್ಲಿ ಸರ್ವಾಧಿಕಾರ ಅಂತೀರಿ?


ಅಡಿಕೆ_ಚೊಗರು (ಯಲ್ಲಾಪುರ)

👆 ಇದು ನಿಜವಾದ ಪ್ರಶ್ನೆ. ಹಂಗೇರಿಗಿಂತ ಇದು ಕಷ್ಟದ್ದು.


ಕರಿಕೋಟು_ಶಿರಸಿ

ಸಿಟ್ಟು ಯಾಕೆ ಭಾಯಿ. ಹೆದ್ದಾರಿ ವಿಷ್ಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ಸಹಿ ಇದೆ.

ಬುಕೆಲೆ ಜನಪ್ರಿಯ, ಹೌದು. ಆದ್ರೆ ಕ್ರಮ ನೋಡಿ. ಅಲ್ಲಿನ ಸಂವಿಧಾನದಲ್ಲಿ ಬೆನ್ನಿಗೆ ಬೆನ್ನಿಗೆ ಎರಡನೇ ಸಲ ಅಧ್ಯಕ್ಷ ಆಗೋ ಹಾಗಿರ್ಲಿಲ್ಲ. 2021ರ ಮೇ 1ಕ್ಕೆ ಅವನ ಪಕ್ಷದ ಹೊಸ ಸಂಸತ್ತು ಕೂತ ಮೊದಲ್ನೇ ದಿನವೇ ಸಂವಿಧಾನ ಪೀಠದ ಜಡ್ಜ್‌ಗಳನ್ನ ತೆಗ್ದು ಹಾಕ್ತು, ಹೊಸದಾಗಿ ಕೂರಿಸಿದವ್ರು ನಾಲ್ಕೇ ತಿಂಗ್ಳಲ್ಲಿ ನಿಲ್ಬಹುದು ಅಂದ್ರು. 2022ರ ಮಾರ್ಚಲ್ಲಿ ಒಂದು ತಿಂಗ್ಳಿಗೆ ಅಂತ ತುರ್ತು ಸ್ಥಿತಿ ತಂದ್ರು, ಅದನ್ನ ತಿಂಗ್ಳು ತಿಂಗ್ಳು ಮುಂದುವರಿಸ್ತಾನೇ ಹೋದ್ರು. 80 ಸಾವಿರಕ್ಕೂ ಹೆಚ್ಚು ಜನ ಒಳಗೆ. ಅವರಲ್ಲಿ ಗ್ಯಾಂಗಿಗೂ ತನಗೂ ಸಂಬಂಧ ಇಲ್ಲದ ಸಾವಿರಾರು ಜನರನ್ನ ಆಮೇಲೆ ಸರ್ಕಾರವೇ ಬಿಡ್ಬೇಕಾಯ್ತು. 2025ರ ಜುಲೈ 31ಕ್ಕೆ ಎಷ್ಟು ಸಲ ಬೇಕಾದ್ರೂ ನಿಲ್ಬಹುದು ಅಂತ ಸಂವಿಧಾನ ತಿದ್ದಿದ್ರು, ಸದನದಲ್ಲಿ 57ಕ್ಕೆ 3 ಓಟು.

ಇವತ್ತು ಒಳ್ಳೇದು ಮಾಡಿದಾನೆ ಅಂತ್ಲೇ ಇಟ್ಕೊಳಿ. ನಾಳೆ ಪೊಲೀಸರು ತಪ್ಪಿ ನಿಮ್ಮ ಮಗನ್ನ ಎತ್ಕೊಂಡು ಹೋದ್ರೆ ಯಾವ ಬಾಗಿಲು ತಟ್ತೀರಿ? ನಾನು ಕೇಳೋದು ಅಷ್ಟೇ.

ಇನ್ನು ನಿಮ್ಮ ಕುವೈತ್. ಗಲ್ಫಲ್ಲಿ ಸ್ವಲ್ಪ ಜೀವ ಇದ್ದ ಪಾರ್ಲಿಮೆಂಟು ಅಂದ್ರೆ ಅದೇ, ಮಂತ್ರಿಗಳನ್ನ ನಿಲ್ಲಿಸಿ ಪ್ರಶ್ನೆ ಕೇಳ್ತಿತ್ತು. 2024ರ ಮೇ 10ಕ್ಕೆ ಅಮೀರರು ವಿಸರ್ಜನೆ ಮಾಡಿ ಸಂವಿಧಾನದ ಕೆಲವು ಕಲಮುಗಳನ್ನೂ ನಾಲ್ಕು ವರ್ಷದ ತನಕ ಅಮಾನತಲ್ಲಿ ಇಟ್ರು. ಅದಾದ್ಮೇಲೆ ಎಂತಾಯ್ತು ಅಂತ ನಿಮಗೇ ಗೊತ್ತಿರ್ಬೇಕು.


ಕುವೈತ್_ಭಟ್ಕಳಿ

ಸಿಟಿಜನ್‌ಶಿಪ್ ವಿಷ್ಯ ಹೇಳ್ತಿದ್ದೀರಿ ಅಲ್ವಾ. ಹೌದು, ಅದು ಸುಳ್ಳಲ್ಲ. ಸಾವಿರಾರು ಜನರದ್ದು ರದ್ದಾಗಿದೆ, ಅದ್ರಲ್ಲಿ ಮದುವೆ ಆಗಿ ಬಂದ ಹೆಂಗಸ್ರೇ ಜಾಸ್ತಿ. ನಾನು ಕೆಲಸ ಮಾಡೋ ಕಡೆ ಒಬ್ರು ಕುವೈತಿ ಸಾಹೇಬರ ಹೆಂಡತೀದೂ ಹೋಯ್ತು, ಇಪ್ಪತ್ತು ಚಿಲ್ಲರೆ ವರ್ಷದಿಂದ ಇಲ್ಲಿಯವ್ರೇ, ಒಂದು ದಿನ ಪಟ್ಟಿಯಲ್ಲಿ ಹೆಸರು ಬಂತು. ಸಾಹೇಬ್ರು ಆ ವಿಷ್ಯ ಆಫೀಸಲ್ಲಿ ಎತ್ತೋದೇ ಇಲ್ಲ, ನಾವೂ ಕೇಳೋದಿಲ್ಲ.

ಆದ್ರೂ ನನ್ನ ಮಾತು ಪೂರ್ತಿ ವಾಪಸ್ ತಗೊಳ್ಳೋದಿಲ್ಲ ವಕೀಲ್ರೇ. ಅಧಿಕಾರ ಬದಲಾಗೋ ದೇಶದಲ್ಲಿ ನನಗೆ ಕೆಲಸ ಸಿಗ್ಲಿಲ್ಲ, ಬದಲಾಗದ ದೇಶದಲ್ಲಿ ಸಿಕ್ತು. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.


ಬೇಲೆಕೇರಿ_ಅಕ್ಕ (ಅಂಕೋಲಾ)

ಎಣ್ಣೆ ಇರೋದ್ರಿಂದ ಸಿಕ್ತು ತಮ್ಮಾ, ಅಮೀರ ಇರೋದ್ರಿಂದ ಅಲ್ಲ. ಪಾರ್ಲಿಮೆಂಟ್ ಇದ್ದಾಗ್ಲೂ ಭಟ್ಕಳದವ್ರು ಅಲ್ಲೇ ದುಡೀತಿದ್ರು ಅಲ್ದಾ? ಅರಸರೂ ಮಿಲಿಟರಿಯವ್ರೂ ಆಳೋ ಬಡ ದೇಶಗಳು ಎಷ್ಟು ಬೇಕು, ಅಲ್ಲಿಗೆ ಯಾರೂ ಕೆಲಸಕ್ಕೆ ವೀಸಾ ಮಾಡ್ಸೋದಿಲ್ಲ ಅಷ್ಟೆ.

ಅಮರ್ತ್ಯ ಸೇನರು ಹೇಳಿದ್ದು ನೆನಪಿದ್ಯಾ, ಪತ್ರಿಕೆ ಬಾಯಿ ಬಿಡೋ, ಎದುರು ಪಕ್ಷ ಇರೋ ದೇಶದಲ್ಲಿ ದೊಡ್ಡ ಬರಗಾಲದ ಸಾವು ಆಗಿಲ್ಲ ಅಂತ. 1943ರಲ್ಲಿ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಸತ್ರು, ಬ್ರಿಟಿಷರ ಆಳ್ವಿಕೆ. 1959ರಿಂದ 61ರವರೆಗೆ ಚೀನಾದಲ್ಲಿ ಕೋಟಿಗಟ್ಟಲೆ ಸತ್ರು, ಕೆಳಗಿನ ಅಧಿಕಾರಿಗಳು ಬೆಳೆ ಚೆನ್ನಾಗಿದೆ ಅಂತ ಸುಳ್ಳು ಲೆಕ್ಕ ಮೇಲೆ ಕಳಿಸ್ತಾ ಇದ್ರು, ಇಲ್ಲ ಅನ್ನೋ ಧೈರ್ಯ ಯಾರಿಗೂ ಇರ್ಲಿಲ್ಲ. ಗಟ್ಟಿ ಆಳೋ ಮನುಷ್ಯನ ಹತ್ರ ಕೆಟ್ಟ ಸುದ್ದಿ ಹೇಳೋರು ಇರೋದಿಲ್ಲ ನೋಡಿ.


ಅಡಿಕೆ_ಚೊಗರು (ಯಲ್ಲಾಪುರ)

ನಾನು ಬೇರೆ ಕಡೆಯಿಂದ ಬರ್ತೆ. ಈ 88, 91, 72% ಅನ್ನೋ ಲೆಕ್ಕ ಯಾರು ಮಾಡಿದ್ದು? ಕೋಡಿಬಾಗದವ್ರೇ, ನಿಮ್ಮ ಮಗಳು ಈ ನಂಬರ್ ಹೇಳಿದ ತಕ್ಷಣ ಎದುರಿನವ್ರಲ್ಲಿ ಬುದ್ಧಿ ಇರೋ ಹುಡುಗ ಇದ್ರೆ ಅಲ್ಲೇ ಹಿಡೀತಾನೆ.

ವಿ-ಡೆಮ್ ಅಂದ್ರೆ ನಾಲ್ಕು ಸಾವಿರಕ್ಕೂ ಹೆಚ್ಚು ತಜ್ಞರಿಗೆ ಪ್ರಶ್ನೆ ಕಳ್ಸಿ ಅವರ ಅಭಿಪ್ರಾಯದಿಂದ ಮಾರ್ಕು ತೆಗೆಯೋದು. ಅವರ ಪ್ರಕಾರ ಭಾರತ "ಚುನಾವಣಾ ಸರ್ವಾಧಿಕಾರ". ಫ್ರೀಡಂ ಹೌಸ್ ಪ್ರಕಾರ 2021ರಿಂದ "ಭಾಗಶಃ ಸ್ವತಂತ್ರ". ಲಂಡನ್ನಿನ ಇಕನಾಮಿಸ್ಟ್‌ನವ್ರ ಪಟ್ಟಿಯಲ್ಲಿ 2024ಕ್ಕೆ 41ನೇ ಸ್ಥಾನ, ದೋಷ ಇರೋ ಪ್ರಜಾಪ್ರಭುತ್ವ ಅಂತ, ಅಂದ್ರೆ ಪ್ರಜಾಪ್ರಭುತ್ವವೇ. ಒಂದೇ ದೇಶ, ಮೂರು ಸರ್ಟಿಫಿಕೇಟು. ಆ 72% ಇದ್ಯಲ್ಲ, ಅದ್ರಲ್ಲಿ 140 ಕೋಟಿಗೂ ಹೆಚ್ಚು ನಾವೇ, ಭಾರತವನ್ನ ಈ ಕಡೆ ಪಟ್ಟಿಗೆ ಹಾಕಿದ್ರೆ ಅದು ಸುಮಾರು 54%ಕ್ಕೆ ಇಳೀತದೆ. ಪ್ರಧಾನಿಯವ್ರ ಆರ್ಥಿಕ ಸಲಹಾ ಮಂಡಳಿಯ ಸಂಜೀವ್ ಸನ್ಯಾಲ್ 2022ರಲ್ಲಿ ಇದನ್ನೇ ಹಿಡಿದಿದ್ರು, ಈಗಿನ ಭಾರತಕ್ಕೂ ತುರ್ತು ಪರಿಸ್ಥಿತಿ ಕಾಲಕ್ಕೂ ಹತ್ತತ್ರ ಮಾರ್ಕು ಕೊಟ್ಟಿದ್ದೀರಲ್ಲ ಇದು ಯಾವ ಲೆಕ್ಕ ಅಂತ. ಸರ್ಕಾರದ ಕಡೆಯವ್ರು ಅಂತ ಬಿಟ್ಟಾಕ್ಬೇಡಿ, ಅಮೆರಿಕದ್ದೇ ಇಬ್ರು ಪ್ರೊಫೆಸರುಗಳು, ಲಿಟಲ್ ಮತ್ತೆ ಮೆಂಗ್ ಅಂತ, ಕಣ್ಣಿಗೆ ಕಾಣೋ ಲೆಕ್ಕ ಮಾತ್ರ ತಗೊಂಡ್ರು, ಆಳೋ ಪಕ್ಷ ಎಷ್ಟು ಸಲ ಸೋತಿದೆ, ಅಂಥವು. ಅದ್ರಲ್ಲಿ ಜಗತ್ತಿನ ಮಟ್ಟದಲ್ಲಿ ಅಂಥ ದೊಡ್ಡ ಇಳಿತ ಕಾಣ್ಲಿಲ್ಲ, ತಜ್ಞರ ಮನಸ್ಸೇ ಕತ್ತಲಾಗಿರ್ಬಹುದು ಅಂದ್ರು. ವಿ-ಡೆಮ್‌ನವ್ರೂ ಸುಮ್ನೆ ಕೂರ್ಲಿಲ್ಲ, ಅದಕ್ಕೆ ಉತ್ತರ ಬರ್ದಿದ್ದಾರೆ. ಜಗಳ ಇನ್ನೂ ನಡೀತಾ ಇದೆ.

ನನ್ನ ಅಭಿಪ್ರಾಯ ಕೇಳಿದ್ರೆ, ರ‍್ಯಾಂಕು ಬಿಡಿ. ದೇಶ ದೇಶದಲ್ಲಿ ಎಂತ ಆಯ್ತು ಅದನ್ನ ಹೇಳಿ. ವಕೀಲರು ಹಂಗೇರಿ ಹೇಳಿದ ಹಾಗೆ.


ಬೇಲೆಕೇರಿ_ಅಕ್ಕ (ಅಂಕೋಲಾ)

ತುರ್ತು ಪರಿಸ್ಥಿತಿ ಮಾತು ಬಂತು, ಹಾಗಾಗಿ ಇದು. ನಮ್ಮ ಅಜ್ಜ ಗೇಣಿ ಮಾಡ್ತಿದ್ದ. 1974ರ ಭೂಸುಧಾರಣೆ ಕಾನೂನಲ್ಲಿ ಡಿಕ್ಲರೇಶನ್ ಹಾಕಿ ಜಮೀನು ನಮ್ಮದಾಯ್ತು. ಅಜ್ಜನ ಬಾಯಲ್ಲಿ ಆ ಕಾಲಕ್ಕೆ ಒಂದು ಕೆಟ್ಟ ಮಾತಿಲ್ಲ. ಟ್ರಿಬ್ಯುನಲ್ ಕೂತು ಒಡೆಯರ ಎದುರಿಗೇ ಇವನ ಹೆಸರು ಕೂಗಿದ್ದು ಆಗಿನ ಕಾಲದಲ್ಲಿ. ದಿಲ್ಲಿಯಲ್ಲಿ ಪೇಪರಿಗೆ ಸೆನ್ಸಾರ್ ಇತ್ತು ಅಂದ್ರೆ, ಪೇಪರ್ ಓದೋಕೆ ಬರ್ದೇ ಇರೋ ಮನುಷ್ಯನಿಗೆ ಅದು ಯಾವ ಲೆಕ್ಕ? 1977ರಲ್ಲಿ ಉತ್ತರ ಭಾರತ ಪೂರಾ ಇಂದಿರಾ ಗಾಂಧಿಯನ್ನ ಸೋಲಿಸಿದ್ರೆ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತ್ತು. ಮಾರನೇ ವರ್ಷ ಚಿಕ್ಕಮಗಳೂರಿಂದ ಗೆದ್ದು ಅವರು ವಾಪಸ್ ಹೋದ್ರು. ಇದನ್ನ ನಾವು ಕನ್ನಡದವ್ರು ಜಾಸ್ತಿ ಹೇಳೋದಿಲ್ಲ. ಸರ್ವಾಧಿಕಾರಕ್ಕೆ ಓಟು ಹಾಕೋ ಜನ ಅಂದ್ರೆ ಬೇರೆ ಯಾವ್ದೋ ದೇಶದ ದಡ್ಡರು ಅಂತ ತಿಳ್ಕೊಂಡಿರ್ತೇವೆ, ನಮ್ಮ ಮನೆ ಜಗಲಿ ಮೇಲೆ ಕೂತವ್ರೇ ಇರ್ತಾರೆ, ಅವರಿಗೆ ಕಾರಣವೂ ಇರ್ತದೆ.

ಬುಕೆಲೆಗೆ ಓಟು ಹಾಕಿದ ಹೆಂಗಸಿಗೂ ಮಗ ಮನೆಗೆ ಜೀವಂತ ಬರೋ ಹಾಗಾಯ್ತು ಅನ್ನೋದೇ ಕಾರಣ. ಅವಳಿಗೆ ನೀನು ತಪ್ಪು ಅನ್ನೋಕೆ ನನಗೆ ಬಾಯಿ ಬರೋದಿಲ್ಲ.


ಕರಿಕೋಟು_ಶಿರಸಿ

ಅಕ್ಕಾ, ಮಾತು ತೂಕದ್ದು. ಆದ್ರೆ ಒಂದು ಗಂಟು ಬಿಚ್ಚಬೇಕು. ಆ ಕಾನೂನು ತುರ್ತು ಪರಿಸ್ಥಿತಿ ಕೊಟ್ಟಿದ್ದಲ್ಲ. ಕರ್ನಾಟಕ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ, ತುರ್ತು ಪರಿಸ್ಥಿತಿ ಬಂದಿದ್ದು 1975ರ ಜೂನ್ 25ಕ್ಕೆ. ದೇವರಾಜ ಅರಸು ಸರ್ಕಾರ ವಿಧಾನಸಭೆಯಲ್ಲಿ ಚರ್ಚೆ ಮಾಡಿ ತಂದಿದ್ದು ಅದು. ಅದರ ಹಿಂದೆ ದಿನಕರ ದೇಸಾಯಿಯವ್ರು ನಿಮ್ಮ ಊರಲ್ಲೇ ದಶಕಗಟ್ಟಲೆ ರೈತಕೂಟ ಕಟ್ಟಿ ಮಾಡಿದ ಹೋರಾಟ ಇದೆ, ಬ್ರಿಟಿಷರು ಅವರನ್ನ ಜಿಲ್ಲೆಯಿಂದ ಗಡಿಪಾರು ಮಾಡಿದ್ರು, ಮುಂದೆ 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ರು. ಸಭೆ, ಸಂಘ, ಮೆರವಣಿಗೆ, ಚುಟುಕ, ಓಟು, ಎಲ್ಲಾ ಸೇರಿ ಆದ ಕಾನೂನು. ಅಜ್ಜನಿಗೆ ಜಮೀನು ಕೊಡಿಸಿದ್ದು ಪ್ರಜಾಪ್ರಭುತ್ವ, ಕ್ರೆಡಿಟ್ ಹೋಗಿದ್ದು ತುರ್ತು ಪರಿಸ್ಥಿತಿಗೆ.

ಅದೇ ಹೊತ್ತಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳಲ್ಲಿ ನಾಲ್ಕು ಜನ, 1976ರ ಏಪ್ರಿಲ್ 28ಕ್ಕೆ, ಒಬ್ಬನನ್ನ ಕಾನೂನುಬಾಹಿರವಾಗಿ ಒಳಗೆ ಹಾಕಿದ್ರೂ ಅವನ ಕಡೆಯವ್ರು ಕೋರ್ಟಿಗೆ ಬರೋ ಹಾಗಿಲ್ಲ ಅಂತ ತೀರ್ಪು ಕೊಟ್ರು. ಎಚ್.ಆರ್. ಖನ್ನಾ ಒಬ್ರೇ ಇಲ್ಲ ಅಂದಿದ್ದು. ಮುಖ್ಯ ನ್ಯಾಯಮೂರ್ತಿ ಪಟ್ಟ ಅವರ ಕೈ ತಪ್ಪಿತು. 1978ರ 44ನೇ ತಿದ್ದುಪಡಿಯಲ್ಲಿ ಜೀವದ ಹಕ್ಕು, ಸ್ವಾತಂತ್ರ್ಯದ ಹಕ್ಕು ತುರ್ತು ಪರಿಸ್ಥಿತಿಯಲ್ಲೂ ತಡೆಹಿಡಿಯೋ ಹಾಗಿಲ್ಲ ಅಂತ ಬಂತು. ಆ ತೀರ್ಪನ್ನ ನಿಚ್ಚಳವಾಗಿ ತಳ್ಳಿಹಾಕೋಕೆ ಮಾತ್ರ 2017ರ ತನಕ ಕಾಯ್ಬೇಕಾಯ್ತು, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವ್ರು ಹಾಕಿದ ಕೇಸಲ್ಲಿ. ತೀರ್ಪು ಬಂದಿದ್ದು ಒಂದೇ ದಿನ, ಅದನ್ನ ಅಳಿಸೋಕೆ 41 ವರ್ಷ.


ಬೇಲೆಕೇರಿ_ಅಕ್ಕ (ಅಂಕೋಲಾ)

ಕ್ರೆಡಿಟ್ ವಿಷ್ಯ ಒಪ್ಪಿದೆ. ಅಜ್ಜ ಇದ್ದಿದ್ರೆ ಒಪ್ತಿರ್ಲಿಲ್ಲ 😄


ಕೋಡಿಬಾಗ_ಗಾಳಿ (ಕಾರವಾರ)

ಓದ್ತಾ ಇದ್ದೇನೆ, ಎಲ್ಲಾ ಪ್ರಿಂಟ್ ತೆಗ್ದಿಟ್ಕೊಳ್ತೇನೆ. ಇನ್ನೊಂದು ಕೇಳ್ಲಾ? ಹೀಗೆ ಕೆಳಗೆ ಹೋದ ದೇಶ ವಾಪಸ್ ಮೇಲೆ ಬಂದಿದ್ದು ಇದ್ಯಾ? ಬರೀ ಸೋತ ಕಥೆ ಹೇಳಿದ್ರೆ ಜಡ್ಜ್‌ಗಳೂ ನಿದ್ದೆ ಮಾಡ್ತಾರೆ.


ಮಾಸ್ತರು_ಜೋಯಿಡಾ

ಇದಕ್ಕೆ ನಾನು ಹೇಳ್ತೇನೆ. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಶಾಲೆ, ಅದರ ಜೊತೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದಿಲ್ಲ, ಪಿ.ಆರ್.ಓ. ಅಂದ್ರೆ ಬೂತಿನ ಮುಖ್ಯ ಅಧಿಕಾರಿ ಆಗಿ ಕಾಡಿನ ಬೂತುಗಳಿಗೆಲ್ಲ ಪೆಟ್ಟಿಗೆ ಹೊತ್ಕೊಂಡು ಹೋದವನು. ಹಾಗಾಗಿ ನನಗೆ ಸಿದ್ಧಾಂತಕ್ಕಿಂತ ಫಾರ್ಮ್ ಮೇಲೆ ಪ್ರೀತಿ ಜಾಸ್ತಿ.

ದಕ್ಷಿಣ ಕೊರಿಯಾ ಮೊದ್ಲು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಟಿವಿಯಲ್ಲಿ ಬಂದು ಮಿಲಿಟರಿ ಕಾನೂನು ಅಂತ ಘೋಷಿಸಿಬಿಟ್ಟ. ಸಂಸತ್ತಿಗೆ ಸೈನಿಕರು ಬಂದ್ರು. ಸಂಸದರು ಕಾಂಪೌಂಡ್ ಹಾರಿ ಒಳಗೆ ಹೋದ್ರು, ಸಿಬ್ಬಂದಿ ಕುರ್ಚಿ ಮೇಜು ಅಡ್ಡ ಇಟ್ಟು ಬಾಗಿಲು ಕಾದ್ರು, 300ರಲ್ಲಿ 190 ಜನ ಸೇರ್ಕೊಂಡ್ರು, 190ಕ್ಕೆ 190 ಓಟು ಬಿತ್ತು, ಮಿಲಿಟರಿ ಕಾನೂನು ರದ್ದು. ಆರು ಗಂಟೆಯಲ್ಲಿ ಮುಗೀತು. 2025ರ ಏಪ್ರಿಲ್ 4ಕ್ಕೆ ಅಲ್ಲಿನ ಸಂವಿಧಾನ ಕೋರ್ಟು ಎಂಟಕ್ಕೆ ಎಂಟು ಜಡ್ಜ್‌ಗಳೂ ಒಂದೇ ಮಾತಲ್ಲಿ ಅವನನ್ನ ಕೆಳಗಿಳಿಸಿದ್ರು. ಅಂಥ ರಾತ್ರಿಯಲ್ಲೂ ಸ್ಪೀಕರ್ ಅವಸರ ಮಾಡ್ಲಿಲ್ಲ, ಕ್ರಮದಲ್ಲಿ ತಪ್ಪು ಹುಡುಕೋಕೆ ಯಾರಿಗೂ ಜಾಗ ಸಿಗಬಾರದು ಅಂತ ಎಲ್ಲಾ ನಿಯಮ ಪ್ರಕಾರವೇ ಮಾಡಿಸಿದ್ರು. ನನಗೆ ಇದೇ ಇಷ್ಟ ಆಗಿದ್ದು.

ಸೆನೆಗಲ್, ಆಫ್ರಿಕಾ ಪಶ್ಚಿಮ ತುದಿ. 2024ರ ಫೆಬ್ರವರಿ 25ಕ್ಕಿದ್ದ ಎಲೆಕ್ಷನ್ನನ್ನ ಅಧ್ಯಕ್ಷ ಸಾಲ್ ಡಿಸೆಂಬರಿಗೆ ತಳ್ಳಿದ. ಅಲ್ಲಿನ ಸಂವಿಧಾನ ಮಂಡಳಿ ಆಗೋದಿಲ್ಲ ಅಂತು. ಮಾರ್ಚ್ 24ಕ್ಕೆ ಓಟು ಆಯ್ತು, ಹತ್ತು ದಿನದ ಹಿಂದೆ ತನಕ ಜೈಲಲ್ಲಿದ್ದ ಫಾಯೆ ಮೊದಲ ಸುತ್ತಲ್ಲೇ ಗೆದ್ದ. ಸಾಲ್ ಎದ್ದು ಹೋದ.

ಪೋಲೆಂಡ್ 2023ರಲ್ಲಿ ಆಳೋರನ್ನ ಓಟಲ್ಲೇ ಇಳಿಸ್ತು, 74% ಮತದಾನ, 1989ರಲ್ಲಿ ಕಮ್ಯುನಿಸ್ಟರ ಎದುರಿಗೂ ಅಷ್ಟಾಗಿರ್ಲಿಲ್ಲ. ಆದ್ರೆ ಗೆದ್ದ ಮೇಲೆ ರಿಪೇರಿ ಕಷ್ಟ ಅಂತ ಈಗ ಗೊತ್ತಾಗ್ತಿದೆ, ಹಿಂದಿನವ್ರು ಕೂರಿಸಿ ಹೋದ ಜಡ್ಜ್‌ಗಳು ಅಲ್ಲೇ ಇದ್ದಾರೆ, ಅಧ್ಯಕ್ಷರ ವೀಟೋ ಬೇರೆ. ಕಾನೂನು ಮುರಿದವರನ್ನ ಕಾನೂನು ಮುರೀದೇ ಹೊರಗೆ ಹಾಕೋದು ಹೇಗೆ, ಈ ತಲೆನೋವು ಅವ್ರಿಗೆ.

ಈಗ ನನ್ನ ಮುಖ್ಯ ಮಾತು, ವೆನೆಜುವೆಲಾ. 2024ರ ಜುಲೈ 28. ಅಲ್ಲಿ ಮತಯಂತ್ರ ಕೊನೆಗೆ ಒಂದು ಚೀಟಿ ಪ್ರಿಂಟ್ ಮಾಡ್ತದೆ, ಆ ಬೂತಲ್ಲಿ ಯಾರಿಗೆ ಎಷ್ಟು ಅಂತ, ಪಕ್ಷದ ಏಜೆಂಟರಿಗೂ ಒಂದು ಪ್ರತಿ. ಚುನಾವಣಾ ಮಂಡಳಿ ಆಗಿನ ಅಧ್ಯಕ್ಷ ಮದುರೊಗೆ 51% ಅಂತ ಘೋಷಿಸಿ ಕೂತ್ಕೊಳ್ತು, ಬೂತ್‌ವಾರು ಲೆಕ್ಕ ಹೊರಗೆ ಬಿಡ್ಲೇ ಇಲ್ಲ. ಎದುರು ಪಕ್ಷದ ಏಜೆಂಟರು ಆ ಚೀಟಿಗಳನ್ನ ರಾತ್ರೋರಾತ್ರಿ ಅಂಗಿ ಒಳಗೆ ಬ್ಯಾಗ್ ಒಳಗೆ ಇಟ್ಕೊಂಡು ತಂದು, 80%ಕ್ಕೂ ಹೆಚ್ಚು ಬೂತಿನದ್ದು ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದ್ರು. ಎದುರು ಪಕ್ಷದ ಅಭ್ಯರ್ಥಿ ಗೊನ್ಸಾಲೆಸ್ ಮೂರನೇ ಎರಡು ಭಾಗ ಓಟಲ್ಲಿ ಗೆದ್ದಿದ್ದು ಎಲ್ಲರಿಗೂ ಕಾಣ್ತು. ಆದ್ರೂ ಆಗ ಮದುರೊ ಇಳೀಲಿಲ್ಲ, ಗೆದ್ದವ ಸ್ಪೇನಿಗೆ ಓಡ್ಬೇಕಾಯ್ತು. ಹಾಗಂತ ಆ ಚೀಟಿ ವ್ಯರ್ಥ ಅಂತೀರಾ? ಅದಿಲ್ದಿದ್ರೆ ಇವತ್ತು ಅವನು ಗೆದ್ನೋ ಇವನು ಗೆದ್ನೋ ಅಂತ ಚರ್ಚೆ ಆಗ್ತಿತ್ತು. ಚರ್ಚೆಗೇ ಜಾಗ ಇಲ್ದ ಹಾಗೆ ಆಯ್ತು.

ನಮ್ಮಲ್ಲೂ ಅಂಥದ್ದೇ ಒಂದು ಇದೆ, ಫಾರ್ಮ್ 17ಸಿ. ಯಾರಿಗೆ ಎಷ್ಟು ಅಂತ ಅಲ್ಲ, ಬೂತಲ್ಲಿ ಒಟ್ಟು ಎಷ್ಟು ಓಟು ಬಿತ್ತು ಅಂತ. ಓಟು ಮುಗಿದ ಮೇಲೆ ಪಿ.ಆರ್.ಓ. ಸಹಿ ಮಾಡಿ ಹಾಜರಿರೋ ಏಜೆಂಟರಿಗೆ ಪ್ರತಿ ಕೊಡ್ಬೇಕು, ನಿಯಮ 49ಎಸ್. ಎಣಿಕೆ ದಿನ ಮಷಿನ್ ತೋರ್ಸೋ ಒಟ್ಟು ಇದಕ್ಕೆ ತಾಳೆ ಆಗ್ಬೇಕು. ಆದ್ರೆ ಸಂಜೆ ಆರಕ್ಕೆ ಏಜೆಂಟ್ ಎಲ್ಲಿ ಇರ್ತಾನೆ? ಮನೆಗೆ ಹೋಗಿರ್ತಾನೆ! ಮಳೆ ಬಂತು, ಬಸ್ ಹೋಗ್ತದೆ, ಮಾಸ್ತರ್ರೇ ನೀವೇ ಇಟ್ಕೊಳಿ. ಎಷ್ಟೋ ಬೂತಲ್ಲಿ ಕರೆದು ಕರೆದು ಕೈಯಲ್ಲಿ ತುರುಕಿದ್ದೇನೆ. ಟಿವಿಯಲ್ಲಿ ಮಷಿನ್ ಹ್ಯಾಕ್ ಅಂತ ಗಂಟಲು ಹರ್ಕೊಳ್ಳೋ ಪಕ್ಷಗಳೂ ಕಾಡಿನ ಬೂತಿಗೆ ಒಬ್ಬ ಏಜೆಂಟನ್ನ ಸಂಜೆ ತನಕ ಕೂರಿಸೋದಿಲ್ಲ. ಇನ್ನೊಂದು ಕಡೆ ಆಯೋಗದವ್ರೂ ಬೀಗ ಬಿಗಿ ಮಾಡ್ತಿದ್ದಾರೆ, 2024ರ ಡಿಸೆಂಬರಲ್ಲಿ ಅವರ ಶಿಫಾರಸಿನ ಮೇಲೆ ಕೇಂದ್ರ ಸರ್ಕಾರ ನಿಯಮ 93 ತಿದ್ದಿ ಸಿಸಿಟಿವಿ ಅಂಥದ್ದನ್ನ ಸಾರ್ವಜನಿಕರು ಕೇಳೋ ಹಾಗಿಲ್ಲ ಅಂತ ಮಾಡ್ತು. ನನಗೆ ಅದು ಸರಿ ಕಾಣ್ಲಿಲ್ಲ, ಮುಚ್ಚಿಟ್ರೆ ಅನುಮಾನ ಜಾಸ್ತಿ ಆಗ್ತದೆ ಹೊರತು ಕಮ್ಮಿ ಆಗೋದಿಲ್ಲ.


ಅಡಿಕೆ_ಚೊಗರು (ಯಲ್ಲಾಪುರ)

ಮಾಸ್ತರ್ರೇ 🙏 ಈ ಬೂತ್ ಏಜೆಂಟ್ ವಿಷ್ಯ ಯಾರೂ ಬರೆಯೋದಿಲ್ಲ.


ಅಘನಾಶಿನಿ_ದಂಡೆ (ಕುಮಟಾ)

ಎಲ್ಲರೂ ವೆನೆಜುವೆಲಾ ಕೊರಿಯಾ ಸುತ್ತಿ ಬಂದ್ರಿ, ಒಂದು ಸಣ್ಣ ಪ್ರಶ್ನೆ. ನಮ್ಮ ಜಿಲ್ಲಾ ಪಂಚಾಯತ್ ಸದಸ್ಯರ ಹೆಸರು ಯಾರಾದ್ರೂ ಹೇಳ್ತೀರಾ?

ಹೇಳೋಕೆ ಆಗೋದಿಲ್ಲ, ಯಾಕಂದ್ರೆ ಇಲ್ಲ. 2016ರಲ್ಲಿ ಆರಿಸಿ ಬಂದವ್ರ ಅವಧಿ 2021ಕ್ಕೆ ಮುಗೀತು. ಅದಾದ್ಮೇಲೆ ಇಡೀ ರಾಜ್ಯದಲ್ಲಿ ಜಿಲ್ಲಾ ಪಂಚಾಯತ್ ತಾಲೂಕು ಪಂಚಾಯತ್ ಎಲೆಕ್ಷನ್ ವರ್ಷಗಟ್ಟಲೆ ಮುಂದಕ್ಕೆ ಹೋಯ್ತು. ಕ್ಷೇತ್ರ ವಿಂಗಡಣೆ ಅಂದ್ರು, ಮೀಸಲಾತಿ ಪಟ್ಟಿ ಅಂದ್ರು, ಕೋರ್ಟು ಅಂದ್ರು. ಬಿಜೆಪಿ ಇದ್ದಾಗ್ಲೂ ಆಗ್ಲಿಲ್ಲ, 2023ಕ್ಕೆ ಕಾಂಗ್ರೆಸ್ ಬಂತು ಆಗ್ಲೂ ಬೇಗ ಆಗ್ಲಿಲ್ಲ, ಹಾಗಾಗಿ ಪಾರ್ಟಿ ಜಗಳ ಮಾಡೋಕೂ ಇಲ್ಲಿ ಜಾಗ ಇಲ್ಲ. ಸಂವಿಧಾನದ 243ಇ ಕಲಮು ಓದಿ, ಐದು ವರ್ಷ ಮುಗಿಯೋದ್ರೊಳಗೆ ಚುನಾವಣೆ ಮುಗೀಬೇಕು ಅಂತ ಸ್ಪಷ್ಟ ಇದೆ. ಸೆನೆಗಲ್‌ನ ಅಧ್ಯಕ್ಷ ಹತ್ತು ತಿಂಗ್ಳು ಮುಂದಕ್ಕೆ ಹಾಕಿದ್ದಕ್ಕೆ ಜನ ಬೀದಿಗೆ ಬಂದ್ರು. ನಾವು? ನಾನು ಗ್ರಾಮ ಪಂಚಾಯತ್ ಮೆಂಬರ್ ಆಗಿದ್ದವಳು, ಕಾಲುಸಂಕ ಕೇಳೋಕೆ ಮೊದ್ಲೆಲ್ಲ ನಮ್ಮ ಕ್ಷೇತ್ರದ ಜಿ.ಪಂ. ಸದಸ್ಯರ ಮನೆಗೆ ಹೋಗ್ತಿದ್ವಿ, ಜಗಳ ಮಾಡ್ತಿದ್ವಿ, ಮುಂದಿನ ಸಲ ನೋಡ್ಕೊಳ್ತೇವೆ ಅಂತ ಹೆದರಿಸ್ತಿದ್ವಿ. ಅವಧಿ ಮುಗಿದ್ಮೇಲೆ ಅಧಿಕಾರಿ ಹತ್ರ ಅರ್ಜಿ ಕೊಟ್ಟು ಕೈ ಮುಗಿದು ಬರೋದು, ಅಂವ ಒಳ್ಳೆಯವನೇ ಇರ್ಬಹುದು, ಆದ್ರೆ ಅವನಿಗೆ ಯಾವ ಮುಂದಿನ ಸಲ ಇದೆ?

ಇನ್ನೂ ಬೇಜಾರು ಅಂದ್ರೆ ಈ ವ್ಯವಸ್ಥೆ ಹುಟ್ಟಿದ್ದಕ್ಕೆ ನಮ್ಮ ಜಿಲ್ಲೆಗೇ ನಂಟಿದೆ. ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆಯವ್ರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಮಂತ್ರಿ, ಜಿಲ್ಲಾ ಪರಿಷತ್ತು ಕಾನೂನು ತಂದು 1987ರಲ್ಲಿ ಚುನಾವಣೆ ಮಾಡಿದ್ರು, ಹೆಂಗಸರಿಗೆ 25% ಮೀಸಲು, ಆಗ ದೇಶದಲ್ಲಿ ಬೇರೆ ಕಡೆ ಅದು ಅಪರೂಪ. 73ನೇ ತಿದ್ದುಪಡಿ ಬಂದಿದ್ದು ಅದರ ಮೇಲೆ. ಅದೇ ಹೆಗಡೆಯವ್ರು 1984ರ ಲೋಕಸಭೆಯಲ್ಲಿ ತಮ್ಮ ಪಕ್ಷ ಸೋತಿದ್ದಕ್ಕೆ ನನಗೆ ಜನಾದೇಶ ಇಲ್ಲ ಅಂತ ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ಹೋದ್ರು, 1985ರಲ್ಲಿ 139 ಸೀಟು ಬಂತು. 1988ರಲ್ಲಿ ಫೋನ್ ಕದ್ದಾಲಿಕೆ ಆರೋಪ ಬಂದಾಗ ಇಳಿದ್ರು. ದೇವರು ಅಂತ ಪೂಜೆ ಮಾಡ್ಬೇಕಿಲ್ಲ, ಕದ್ದಾಲಿಕೆ ಆರೋಪ ಬಂದಿದ್ದೂ ಅವರ ಸರ್ಕಾರದ ಮೇಲೇ ಅಲ್ವಾ. ಆದ್ರೆ ಆಗ ನಾಚಿಕೆ ಅನ್ನೋದು ಒಂದು ಕಾನೂನಿನ ಹಾಗೆ ಕೆಲಸ ಮಾಡ್ತಿತ್ತು.

ಕೋಡಿಬಾಗದವ್ರೇ, ಮಗಳಿಗೆ ಇದನ್ನೂ ಕೊಡಿ. ಎದುರಿನ ಹುಡುಗ್ರು ನಮ್ಮ ದೇಶದಲ್ಲಿ ಎಲೆಕ್ಷನ್ ಸರಿಯಾಗಿ ನಡೀತದೆ ಅಂದಾಗ, ಯಾವ ಎಲೆಕ್ಷನ್ ಅಂತ ಕೇಳ್ಲಿ.


ಕೋಡಿಬಾಗ_ಗಾಳಿ (ಕಾರವಾರ)

ಇದು ಭಾರೀ ಆಯ್ತು ಅಕ್ಕಾ. ಅವಳು ಈಗ ಹಂಗೇರಿ ಬೇಡ, ಜಿಲ್ಲಾ ಪಂಚಾಯತ್ತಿಂದ್ಲೇ ಶುರು ಮಾಡ್ತೇನೆ ಅಂತ ಕೂತಿದ್ದಾಳೆ. ಲೆಕ್ಚರರ್ ವಿಷ್ಯಾಂತರ ಅಂತಾರೇನೋ ಅಂತ ನನಗೆ ಹೆದರಿಕೆ.


ಕುವೈತ್_ಭಟ್ಕಳಿ

ಅಂದ್ರೆ ನೋಡಿ ಇಲ್ಲೂ ಪಾರ್ಲಿಮೆಂಟ್ ಬಂದ್, ಅಲ್ಲೂ ಜಿಲ್ಲಾ ಪಂಚಾಯತ್ ಬಂದ್, ನಾನು ಸುಮ್ನೆ ಬೈಸ್ಕೊಂಡೆ 😀 ತಮಾಷೆ ಬಿಡಿ. ವಕೀಲ್ರೇ ಒಂದು ಕೇಳೋದಿತ್ತು. ಇಲ್ಲಿ ನನಗೆ ಯಾವತ್ತೂ ಓಟಿಲ್ಲ, ಊರಲ್ಲಿ ಮತದಾರರ ಪಟ್ಟಿಯಿಂದ ನನ್ನ ಹೆಸರು ತೆಗ್ದಿದ್ದಾರೆ ಅಂತ ತಮ್ಮ ಹೇಳ್ತಿದ್ದ. ನಮ್ಮಂಥವ್ರಿಗೆ ಏನಾದ್ರೂ ದಾರಿ ಇದ್ಯಾ?


ಕರಿಕೋಟು_ಶಿರಸಿ

ಇದೆ. ಬೇರೆ ದೇಶದ ಪೌರತ್ವ ತಗೊಳ್ದೇ ಇದ್ರೆ ಫಾರ್ಮ್ 6ಎ ಹಾಕಿ, ಪಾಸ್‌ಪೋರ್ಟಲ್ಲಿರೋ ಊರಿನ ವಿಳಾಸದಲ್ಲೇ ಅನಿವಾಸಿ ಮತದಾರ ಅಂತ ಸೇರಿಸ್ತಾರೆ, ಆನ್‌ಲೈನಲ್ಲೇ ಆಗ್ತದೆ. ಆದ್ರೆ ಓಟು ಹಾಕೋಕೆ ಆ ದಿನ ಖುದ್ದು ಬೂತಿಗೆ ಬರ್ಬೇಕು, ಒರಿಜಿನಲ್ ಪಾಸ್‌ಪೋರ್ಟ್ ತೋರಿಸ್ಬೇಕು. ಪೋಸ್ಟಲ್ಲಿ ಕಳ್ಸೋ ವ್ಯವಸ್ಥೆ ನಿಮ್ಮಂಥವ್ರಿಗೆ ಇಲ್ಲ.


ಕುವೈತ್_ಭಟ್ಕಳಿ

ಮೇ ತಿಂಗ್ಳಲ್ಲಿ ಎಲೆಕ್ಷನ್ ಇಡ್ತಾರೆ, ಆಗ ಮಂಗಳೂರು ಟಿಕೆಟ್ ರೇಟ್ ಎಷ್ಟಿರತ್ತೆ ಗೊತ್ತಾ ನಿಮಗೆ?


ಮಾಸ್ತರು_ಜೋಯಿಡಾ

ಫಾರ್ಮ್ ಹಾಕಿಡಿ ಮೊದ್ಲು. ಬರೋವಾಗ ಖರ್ಜೂರ ತನ್ನಿ, ಏಜೆಂಟ್ ಆಗಿ ಸಂಜೆ ಆರರ ತನಕ ಕೂತ್ಕೊಳಿ, 17ಸಿ ಪ್ರತಿ ತಗೊಂಡೇ ಏಳಿ.